ಬೋಣಿಗೆ ಡೇಂಜರ್ ಬೇಡ

ನಲವತ್ತೊಂದು ವರ್ಷದಿಂದ ಜನರಿಗೆ ಹುಷಾರು ಹೇಳುವುದೇ ನನ್ನ ಕಸುಬು. ಚಾಮರಾಜಪೇಟೆಯ ನಾಲ್ಕನೇ ಮುಖ್ಯರಸ್ತೆಯಲ್ಲಿ 'ಮೂರ್ತಿ ಆರ್ಟ್ಸ್' ಅಂತ ಒಂದು ಬೋರ್ಡಿನ ಅಂಗಡಿ ಇದೆ, ಅದು ನನ್ನದು. ಮೊದಲು ಕುಂಚ, ಎನಾಮಲ್ ಪೇಂಟು; ಈಗ ಸ್ಟಿಕರ್ ಕತ್ತರಿಸುವ ಮೆಷೀನು. ಡಾಕ್ಟರ ಹೆಸರು, ಗಾಡಿಯ ನಂಬರ್ ಪ್ಲೇಟು, ಮದುವೆ ಛತ್ರಕ್ಕೆ ದಾರಿ ತೋರಿಸುವ ಬಾಣ, ಎಲ್ಲ ಮಾಡುತ್ತೇನೆ. ಆದರೆ ವರ್ಷವಿಡೀ ತಪ್ಪದೆ ನಡೆಯುವ ವ್ಯಾಪಾರ ಹೆದರಿಸುವ ಬೋರ್ಡುಗಳದ್ದು. ಮದುವೆಗೆ ಸೀಸನ್ ಉಂಟು, ಹೆದರಿಕೆಗೆ ಇಲ್ಲ.

ಇಂಗ್ಲಿಷಿನಲ್ಲಿ ಹುಷಾರು ಹೇಳುವುದಕ್ಕೆ ಅದೆಷ್ಟು ಮಾತಿದೆ ಅನ್ನುವುದು ನನ್ನಂಥವನಿಗೇ ಗೊತ್ತು. ನಾಯಿ ಇರುವ ಮನೆಗೆ ಬಿವೇರ್. ಒದ್ದೆ ನೆಲಕ್ಕೆ ಕಾಷನ್. ಸಿಗರೇಟಿಗೆ ವಾರ್ನಿಂಗ್. ಕರೆಂಟಿನ ಪೆಟ್ಟಿಗೆಗೆ ಡೇಂಜರ್, ಜೊತೆಗೊಂದು ತಲೆಬುರುಡೆ. ಹಿಂದೊಮ್ಮೆ ಪೀಣ್ಯದ ಕಾರ್ಖಾನೆಯೊಂದರ ಸೇಫ್ಟಿ ಆಫೀಸರ್ ಬಂದು, ನಾನು ಬಣ್ಣಗಳನ್ನೆಲ್ಲ ತಪ್ಪು ಹಾಕುತ್ತಿದ್ದೇನೆ ಅಂತ ರೇಗಿ, ಒಂದು ಚಾರ್ಟ್ ಕೊಟ್ಟು ಹೋದ. ಇವತ್ತಿಗೂ ಅದನ್ನು ಕೌಂಟರಿನ ಹಿಂದೆ ಅಂಟಿಸಿಕೊಂಡಿದ್ದೇನೆ. ಅದರ ಪ್ರಕಾರ ಡೇಂಜರ್ ಕೆಂಪು: ಹತ್ತಿರ ಹೋದರೆ ಸಾವು ಖಚಿತ. ವಾರ್ನಿಂಗ್ ಕಿತ್ತಳೆ: ಸತ್ತರೂ ಸಾಯಬಹುದು. ಕಾಷನ್ ಹಳದಿ: ಸಾಯುವುದಿಲ್ಲ, ಪೆಟ್ಟಾಗುತ್ತದೆ. ನೋಟಿಸ್ ನೀಲಿ: ಮನುಷ್ಯರಿಗೇನೂ ಆಗುವುದಿಲ್ಲ, ಸಾಮಾನು ಹಾಳಾಗಬಹುದು. ಕನ್ನಡದಲ್ಲಿ ನಾನು ಡೇಂಜರಿನ ಕೆಳಗೆ 'ಅಪಾಯ' ಅಂತ ಬರೆಯುತ್ತೇನೆ, ಮಿಕ್ಕಿದ್ದಕ್ಕೆಲ್ಲ 'ಎಚ್ಚರಿಕೆ' ಅಂತ. ಇದುವರೆಗೆ ಯಾರೂ ತಕರಾರು ಮಾಡಿಲ್ಲ. ಓದಿದ್ದರೆ ತಾನೇ ತಕರಾರು.

ನಿಜ ಹೇಳಬೇಕೆಂದರೆ ನನಗೆ ಸಾಕಾಗಿತ್ತು. ಒದ್ದೆ ನೆಲದ ಕಾಷನ್ ಬೋರ್ಡಿಗೇ ಎಡವಿ ಬಿದ್ದವನನ್ನು ನಾನೇ ಎತ್ತಿ ಕೂರಿಸಿದ್ದೇನೆ. ಅರವತ್ತೆರಡು ವಯಸ್ಸು, ಮಂಡಿ ನೋವು, ಕಣ್ಣಿಗೆ ಪೊರೆ. ಬೆಳಿಗ್ಗೆ ಷಟರ್ ಎತ್ತುವಾಗಲೇ ಇವತ್ತು ಯಾವಾಗ ಇಳಿಸುತ್ತೇನೋ ಅನ್ನಿಸುತ್ತಿತ್ತು. ಎಲ್ಲ ಎಚ್ಚರಿಕೆಗಳನ್ನೂ ಬರೆದು ಬರೆದು, ಯಾವ ಎಚ್ಚರಿಕೆಯೂ ನನಗೇ ತಾಕದ ಹಾಗೆ ಆಗಿಬಿಟ್ಟಿತ್ತು.

ಇನ್ನು ಅಂಜಿನಮ್ಮನ ವಿಷಯ. ನನ್ನ ಅಂಗಡಿ ಇರುವ ಕಟ್ಟಡದ ಮುಂದೆ ಮೂವತ್ತು ವರ್ಷದಿಂದ ಹೂ ಮಾರುವ ಹೆಂಗಸು. ಮೊದಲು ನನ್ನ ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದಳು. ನಮ್ಮಿಬ್ಬರ ಮಧ್ಯೆ ಒಂದು ಒಪ್ಪಂದವಿತ್ತು. ನಾನು ಅಂಗಡಿ ತೆಗೆದ ಕೂಡಲೇ ಅವಳ ಹತ್ತಿರ ಒಂದು ಮೊಳ ಸೇವಂತಿಗೆ ಕೊಳ್ಳಬೇಕು, ಅದು ಅವಳ ಬೋಣಿ. ನನ್ನ ಅಂಗಡಿಗೆ ಒಂಬತ್ತು ಗಂಟೆಯಾದರೂ ಗಿರಾಕಿ ಬರದಿದ್ದರೆ ಅವಳು ಬಂದು ಕೌಂಟರಿನ ಮೇಲಿನ ಚಿಕ್ಕ ದೇವರ ಸ್ಟಿಕರ್ ಒಂದನ್ನು ಕೊಳ್ಳಬೇಕು, ಅದು ನನ್ನ ಬೋಣಿ. ಅವಳ ಹೂಬುಟ್ಟಿಯ ತುಂಬ ಗಣಪತಿ, ಆಂಜನೇಯ, ಲಕ್ಷ್ಮಿಯರ ಸ್ಟಿಕರುಗಳು ಮೆತ್ತಿಕೊಂಡಿದ್ದವು.

ದಿನದ ಮೊದಲ ವ್ಯಾಪಾರ ಒಳ್ಳೆಯ ವಸ್ತುವಿನಿಂದಲೇ ಆಗಬೇಕು ಅನ್ನುವುದು ನನ್ನ ಗುರುಗಳು ಹೇಳಿಕೊಟ್ಟ ನಿಯಮ. ಬೋಣಿಗೆ ಶ್ರದ್ಧಾಂಜಲಿ ಬ್ಯಾನರ್ ಕೊಡಬಾರದು, 'ಅಂಗಡಿ ಖಾಲಿ ಇದೆ' ಬೋರ್ಡು ಕೊಡಬಾರದು, ಡೇಂಜರ್ ಅಂತೂ ಕೊಡಲೇಬಾರದು. ಕೊಟ್ಟರೆ ಆ ದಿನವೆಲ್ಲ ಅದೇ ಬಾಗಿಲಿಗೆ ಬರುತ್ತದೆ ಅನ್ನುತ್ತಿದ್ದರು. ನಾನು ಬುದ್ಧನ ಫೋಟೋ ಇಟ್ಟುಕೊಂಡವನು, ಪಂಚಾಂಗ ನೋಡುವವನಲ್ಲ. ಆದರೆ ಈ ಒಂದು ನಿಯಮ ಮಾತ್ರ ಕೈಗೆ ಅಂಟಿಕೊಂಡುಬಿಟ್ಟಿತ್ತು. ಈ ಬೀದಿಯ ಎಲ್ಲ ಅಂಗಡಿಯವರಿಗೂ ಅಂಟಿಕೊಂಡಿದೆ.

ಎರಡು ವರ್ಷದ ಹಿಂದೆ ನಾನೂ ಅಂಜಿನಮ್ಮನೂ ಮಾತು ಬಿಟ್ಟೆವು. ಬಿಡುವ ಹಾಗೆ ಮಾಡಿದವನು ನಾನು. ಅವಳು ಹೂವಿಗೆ ಚಿಮುಕಿಸುವ ಬಕೆಟ್ ನೀರು ಮಗುಚಿ ನನ್ನ ಅಂಗಡಿಯೊಳಗೆ ಹರಿಯಿತು. ನೆಲದ ಮೇಲೆ ಹರಡಿದ್ದ ಒಂದು ಶಾಲೆಯ ಸ್ಟಿಕರುಗಳೆಲ್ಲ ನೆನೆದು ಮುದ್ದೆಯಾದವು. ನನಗೆ ತಲೆ ಕೆಟ್ಟಿತು. ಇಡೀ ಬೀದಿ ಕೇಳುವ ಹಾಗೆ, "ಹೆಬ್ಬೆಟ್ಟಿಗೆ ಅಕ್ಷರದ ಬೆಲೆ ಏನ್ ಗೊತ್ತಾಗುತ್ತೆ!" ಅಂದೆ. ನಮ್ಮಪ್ಪನೂ ಹೆಬ್ಬೆಟ್ಟು ಒತ್ತುತ್ತಿದ್ದವರೇ. ಆ ಮಾತು ಬಾಯಿಂದ ಹೊರಬಿದ್ದ ಕೂಡಲೇ ಅದು ನನಗೆ ನೆನಪಾಯಿತು, ಆದರೆ ಆಡಿಯಾಗಿತ್ತು. ಅಂಜಿನಮ್ಮ ಎದ್ದಳು. ಬುಟ್ಟಿ, ಬಕೆಟ್, ಗೋಣಿತಾಟು ಎತ್ತಿಕೊಂಡು ಕಟ್ಟಡದ ಆ ತುದಿಗೆ ಹೋಗಿ ಕೂತಳು. ಮಾರನೆಯ ದಿನದಿಂದ ಅದೇ ಅವಳ ಜಾಗವಾಯಿತು. ಕ್ಷಮಿಸು ಅನ್ನಬೇಕಿತ್ತು. ಇವತ್ತು ನಾಳೆ ಅಂತ ಎರಡು ವರ್ಷ ತಳ್ಳಿದೆ.

ಆ ತುದಿಯಲ್ಲಿ, ಸರಿಯಾಗಿ ಅವಳು ಕೂರುವ ಜಾಗದ ಮೇಲೆ, ಮಹಡಿಯಿಂದ ಮುಂದಕ್ಕೆ ಚಾಚಿಕೊಂಡ ಒಂದು ಹಳೆಯ ಸಜ್ಜವಿತ್ತು. ಬಿಸಿಲಿಗೆ ಮಳೆಗೆ ನೆರಳಾಗುತ್ತದೆ ಅಂತಲೇ ಅವಳು ಆ ಜಾಗ ಆರಿಸಿಕೊಂಡಿದ್ದಳು. ಆಷಾಢದ ಕೊನೆಗೆ ಒಂದು ಸೋಮವಾರ ಮಧ್ಯಾಹ್ನ, ಅವಳು ಊಟಕ್ಕೆ ಹೋಗಿದ್ದಾಗ, ಆ ಸಜ್ಜದಿಂದ ಅಂಗೈಯಗಲದ ಗಾರೆ ಕಳಚಿ ಕೆಳಗೆ ನಿಂತಿದ್ದ ಸ್ಕೂಟರಿನ ಸೀಟಿನ ಮೇಲೆ ಬಿತ್ತು. ನೋಡಿದವನು ನಾನೊಬ್ಬನೇ. ಹೋಗಿ ತಲೆ ಎತ್ತಿ ನೋಡಿದೆ. ಒಳಗಿನ ಕಬ್ಬಿಣ ಕಾಣುತ್ತಿತ್ತು, ಅದರ ಉದ್ದಕ್ಕೂ ಬಿರುಕು. ಕಟ್ಟಡದ ಮಾಲೀಕರಿಗೆ ಫೋನ್ ಮಾಡಿದೆ.

ಮಾಲೀಕರು ಮಲ್ಲಿಕಾರ್ಜುನಯ್ಯ. ಅಕ್ಕಿಪೇಟೆಯಲ್ಲಿ ಮೂರು ತಲೆಮಾರಿನ ಮಂಡಿ, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ, ಗಟ್ಟಿಯಾಗಿ ಮಾತಾಡುವ ಮನುಷ್ಯರೂ ಅಲ್ಲ. ಮಾರನೆಯ ದಿನವೇ ಬಂದು ನೋಡಿದರು.

"ರಿಪೇರಿಗೆ ಇಂಜಿನಿಯರ್ ಸಿಗ್ಬೇಕು, ಮಳೆ ಬೇರೆ ನಿಲ್ಬೇಕು. ಅಲ್ಲೀವರ್ಗೂ ಒಂದು ಬೋರ್ಡ್ ಹಾಕ್ಬಿಡೋಣ ಮೂರ್ತಿ. ಡೇಂಜರ್ ಅಂತ ದೊಡ್ಡದಾಗಿ."

"ಅಲ್ಲಿ ಅಂಜಿನಮ್ಮ ಕೂರ್ತಾಳೆ ಯಜಮಾನ್ರೇ," ಅಂದೆ.

"ಗೊತ್ತು. ಈಗ್ಲೇ ಅವಳಿಗೆ ಹೇಳಿದ್ರೆ ಇಡೀ ಬೀದಿಗೆ ಡಂಗುರ ಹೊಡೆದ ಹಾಗೆ. ಮಹಡಿ ಬಾಡಿಗೆಯವ್ರು ಗಂಟುಮೂಟೆ ಕಟ್ತಾರೆ. ಬೋರ್ಡ್ ಹಾಕಿದ ಮೇಲೆ ಅವಳೇ ನೋಡಿ ತಿಳ್ಕೋತಾಳೆ ಬಿಡಿ."

ಅವಳಿಗೆ ಓದಲು ಬರುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಬೀದಿಗೆಲ್ಲ ಕೂಗಿ ಹೇಳಿದವನೇ ನಾನು. ಆದರೂ "ಸರಿ" ಅಂದೆ. ಅವರು ನನ್ನ ಅಂಗಡಿಯ ಮಾಲೀಕರೂ ಹೌದು, ಅದು ಒಂದು ಕಾರಣ. ಅವಳ ಮುಂದೆ ಹೋಗಿ ನಿಂತು ಮೊದಲ ಮಾತು ಆಡಬೇಕಲ್ಲ ಅನ್ನುವುದು ಇನ್ನೊಂದು. ಎರಡನೆಯದೇ ದೊಡ್ಡದಾಗಿತ್ತು.

ಬುಧವಾರ ಡೇಂಜರ್ ಬೋರ್ಡಿನ ಕೆಂಪು ಹಾಳೆ ಮೆಷೀನಿಗೆ ಹಾಕುವ ಹೊತ್ತಿಗೆ ಯಜಮಾನರ ತಮ್ಮನ ಮಗ ಶಶಿಕಿರಣ್ ಬಂದ. ವಕೀಲ, ಸಿವಿಲ್ ಕೋರ್ಟಿನಲ್ಲಿ ಪ್ರಾಕ್ಟೀಸು.

"ಅಂಕಲ್, ಡೇಂಜರ್ ಅಂತ ಹಾಕಿದ್ರೆ ಕಟ್ಟಡ ಬೀಳೋ ಸ್ಥಿತಿಲಿದೆ ಅಂತ ನಾವೇ ಬರ್ಕೊಟ್ಟ ಹಾಗಾಗುತ್ತೆ. ನಾಳೆ ಯಾರಾದ್ರೂ ಕೇಸ್ ಹಾಕಿದ್ರೆ ಆ ಬೋರ್ಡೇ ಸಾಕ್ಷಿ. ಸ್ವಲ್ಪ ಸಾಫ್ಟಾಗಿರೋದು ಏನೂ ಇಲ್ವಾ?"

ನಾನು ಚಾರ್ಟ್ ತೋರಿಸಿದೆ. ಅವನು ಅದನ್ನು ಫೋಟೋ ಹೊಡೆದುಕೊಂಡು ಬಹಳ ಹೊತ್ತು ಓದಿದ. ಓದಿದವನು ಅಂದರೆ ಅವನೊಬ್ಬನೇ ಅನ್ನಬೇಕು. ವಾರ್ನಿಂಗ್ ಮಾಡಿ ಅಂದ. ಕಿತ್ತಳೆ ಹಾಳೆ ತರಿಸಿದೆ. ಶನಿವಾರ ಫೋನ್ ಮಾಡಿ, ವಾರ್ನಿಂಗ್ ಅಂದರೂ ಸಾಯಬಹುದು ಅಂತಲೇ ಅರ್ಥ ಬರುತ್ತೆ, ಕಾಷನ್ ಇರಲಿ ಅಂದ. ಮತ್ತಿನ ಮಂಗಳವಾರ, ಕಾಷನ್ ಅಂದರೆ ಪೆಟ್ಟಾಗುತ್ತದೆ ಅಂತ ಒಪ್ಪಿಕೊಂಡ ಹಾಗೆ, ಸುಮ್ಮನೆ ನೋಟಿಸ್ ಅಂತ ಮಾಡಿ, ಕೆಳಗೆ 'ಗೋಡೆಯ ಬಳಿ ವಾಹನ ನಿಲ್ಲಿಸಬೇಡಿ' ಅಂತ ಹಾಕಿಬಿಡಿ ಅಂದ. ಹೀಗೆ ಒಂದು ಬೋರ್ಡೂ ಗೋಡೆಗೆ ಏರಲಿಲ್ಲ, ಆ ಸಜ್ಜ ಇದ್ದಲ್ಲೇ ಇತ್ತು, ಅದರ ಅಪಾಯ ಮಾತ್ರ ನನ್ನ ಅಂಗಡಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಬಂತು.

"ಅಲ್ಲಪ್ಪ, ಅಲ್ಲಿ ಗಾಡಿ ಅಲ್ಲ, ಮನುಷ್ಯರು ಕೂರ್ತಾರೆ," ಅಂದೆ ಒಮ್ಮೆ.

"ಅದೇ ಅಂಕಲ್, ಮನುಷ್ಯರ ವಿಷಯ ಎತ್ತಿದ್ರೇನೇ ಲಯಬಿಲಿಟಿ, ಹೊಣೆ ನಮ್ ಮೇಲೆ ಬರುತ್ತೆ."

ಹೇಳಿ ಹೇಳಿ ಸುಸ್ತಾದವನ ಹಾಗೆ ಕೂತುಕೊಂಡೆ. ಅವನಿಗೆ ಹೇಳಿದ್ದು ಎಷ್ಟು ಅಂತ ಈಗ ಲೆಕ್ಕ ಹಾಕಿದರೆ, ಆ ಒಂದೇ ಮಾತು.

ಆ ದಿನಗಳಲ್ಲೆಲ್ಲ ಅಂಜಿನಮ್ಮ ಬೆಳಿಗ್ಗೆ ಎಂಟಕ್ಕೆ ಬರುತ್ತಿದ್ದಳು, ಗೋಣಿತಾಟು ಹಾಸುತ್ತಿದ್ದಳು, ಹೂ ಕಟ್ಟುತ್ತಿದ್ದಳು. ಶ್ರಾವಣ ಬಂತು, ಹಬ್ಬದ ತಿಂಗಳು, ಅವಳ ಬೆರಳಿಗೆ ಬಿಡುವಿರಲಿಲ್ಲ. ಎಡಗೈಯಲ್ಲಿ ನಾಲ್ಕು ಮೊಗ್ಗು ಜೋಡಿಸುವಷ್ಟರಲ್ಲಿ ಬಲಗೈ ದಾರ ಸುತ್ತಿ ಬಿಗಿದಾಗಿರುತ್ತಿತ್ತು. ಅವಳು ಬೆರಳ ಕಡೆ ನೋಡುತ್ತಲೇ ಇರಲಿಲ್ಲ, ರಸ್ತೆ ನೋಡುತ್ತ ಕಟ್ಟುತ್ತಿದ್ದಳು. ನಾನು ದಿನಕ್ಕೆ ನಾಲ್ಕು ಸಲ ಹೊರಗೆ ಬಂದು ಆ ಬಿರುಕು ನೋಡುತ್ತಿದ್ದೆ. ಮಳೆ ಬಂದರೆ ಇನ್ನೂ ಹೆಚ್ಚು ಸಲ. ನಾನು ಹಾಗೆ ನಿಂತು ಮೇಲೆ ನೋಡುವುದನ್ನು ಅವಳು ಓರೆಗಣ್ಣಿನಲ್ಲಿ ಗಮನಿಸಿ ಮುಖ ತಿರುಗಿಸುತ್ತಿದ್ದಳು. ಒಂದು ದಿನ ಅವಳ ಕಡೆ ನಾಲ್ಕು ಹೆಜ್ಜೆ ಇಟ್ಟೆ ಕೂಡ. ಅವಳು ಎದ್ದು ಬಕೆಟ್ ಹಿಡಿದು ನಲ್ಲಿಯ ಕಡೆ ಹೋದಳು. ಅಷ್ಟೊಂದು ಕೊಬ್ಬಿದ್ದರೆ ನನಗೇನು, ಬೋರ್ಡು ಬರುತ್ತಲ್ಲ, ಯಾರಾದರೂ ಓದಿ ಹೇಳುತ್ತಾರೆ ಅಂದುಕೊಂಡು ವಾಪಸ್ಸು ಬಂದೆ. ಬೋರ್ಡು ಯಾರೂ ಓದುವುದಿಲ್ಲ ಅಂತ ನಲವತ್ತೊಂದು ವರ್ಷದಿಂದ ಬೈಯುತ್ತಿದ್ದ ಮನುಷ್ಯ ನಾನೇ.

ಮೂರನೆಯ ವಾರ, ಬುಧವಾರ, ಇಂಜಿನಿಯರ್ ಬಂದ. ಅಂಜಿನಮ್ಮ ಹೂ ತರಲು ಮಾರ್ಕೆಟ್ಟಿಗೆ ಹೋಗಿದ್ದ ಹೊತ್ತು. ಏಣಿ ಹಾಕಿಕೊಂಡು ಹತ್ತಿ ಸುತ್ತಿಗೆಯಲ್ಲಿ ಎರಡು ಸಲ ತಟ್ಟಿದ, ಇಳಿದುಬಿಟ್ಟ. "ಕಂಬಿ ಪೂರ್ತಿ ತುಕ್ಕು ಸರ್. ಇದು ಇನ್ನೊಂದು ಮಳೆ ತಡೆಯಲ್ಲ. ಶುಕ್ರವಾರ ಆಳು ಕಳಿಸ್ತೀನಿ, ಕೆಡವಿಬಿಡೋಣ," ಅಂದ. ಯಜಮಾನರು ಅಲ್ಲಿ ನಿಲ್ಲಲಿಲ್ಲ. ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಟವಲಿನಲ್ಲಿ ಕುತ್ತಿಗೆ ಒರೆಸಿಕೊಂಡರು.

"ಶಶಿ ಮಾತು ಬಿಟ್ಬಿಡಿ. ಡೇಂಜರೇ ಮಾಡಿ ಮೂರ್ತಿ. ಕೆಂಪಲ್ಲೇ ಮಾಡಿ. ಶುಕ್ರವಾರ ಬೆಳಿಗ್ಗೆ ನಾನೇ ಬಂದು ತಗೊಂಡು ಹಾಕಿಸ್ತೀನಿ."

ಗುರುವಾರ ಇಡೀ ದಿನ ಕೂತು ಮಾಡಿದೆ. ನಾಲ್ಕಡಿಗೆ ಮೂರಡಿ. ಮೇಲೆ ಡೇಂಜರ್, ಅದರ ಕೆಳಗೆ ಅಷ್ಟೇ ದಪ್ಪಕ್ಕೆ 'ಅಪಾಯ', ಅದರ ಕೆಳಗೆ 'ಇಲ್ಲಿ ನಿಲ್ಲಬೇಡಿ, ಕೂರಬೇಡಿ. ಮೇಲಿನಿಂದ ಬೀಳುತ್ತದೆ.' ಬಹಳ ವರ್ಷದ ಮೇಲೆ ಒಂದು ಬೋರ್ಡನ್ನು ಮನಸ್ಸಿಟ್ಟು ಮಾಡಿದ್ದೆ. ಸಂಜೆ ಮುಗಿಯುವಷ್ಟರಲ್ಲಿ ಅಂಜಿನಮ್ಮ ಬುಟ್ಟಿ ಕಟ್ಟಿಕೊಂಡು ಹೊರಟುಹೋಗಿದ್ದಳು. ಇನ್ನು ಬೆಳಿಗ್ಗೆ ತಾನೇ ಅಂತ ಬೋರ್ಡನ್ನು ಗೋಡೆಗೆ ಒರಗಿಸಿ ಷಟರ್ ಇಳಿಸಿದೆ.

ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಎಂಟೂವರೆಗೆ ನಾನು ಬಂದಾಗ ಅಂಜಿನಮ್ಮನ ಮುಂದೆ ಎಂದಿನ ಎರಡರಷ್ಟು ಹೂ. ರಾತ್ರಿ ಮಳೆ ಸುರಿದಿತ್ತು, ಸಜ್ಜದ ಅಂಚಿನಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ನಾನು ಕಸ ಗುಡಿಸಿ, ಊದುಬತ್ತಿ ಹಚ್ಚುವಷ್ಟರಲ್ಲಿ ಯಜಮಾನರು ಬಂದರು.

"ಆಯ್ತಾ ಬೋರ್ಡು?"

"ಆಗಿದೆ ಯಜಮಾನ್ರೇ." ಎತ್ತಲು ಹೋದವನು ನಿಂತೆ. "ಆದ್ರೆ ಇನ್ನೂ ಬೋಣಿ ಆಗಿಲ್ಲ."

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. "ಹೌದಲ್ವಾ. ಹಬ್ಬದ ಶುಕ್ರವಾರ ಬೇರೆ. ಬೋಣಿಗೆ ಡೇಂಜರ್ ಬೇಡ ಬಿಡಿ. ನಂಗೂ ಬೆಳಿಗ್ಗೆ ಬೆಳಿಗ್ಗೆ ಇದನ್ನ ಕೈಲಿ ಹಿಡಿಯೋಕೆ ಮನಸ್ಸಿಲ್ಲ. ಮಂಡೀಲಿ ಪೂಜೆ ಮುಗಿಸ್ಕೊಂಡು ಹತ್ತು ಗಂಟೆಗೆ ಬರ್ತೀನಿ. ಆಳುಗಳೂ ಆಗ್ಲೇ ಬರೋದು."

"ಹಾಗೇ ಮಾಡಿ," ಅಂದೆ.

ಇಬ್ಬರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹೋಗುವಾಗ ಅವರು ಮಂಡಿಯ ಪೂಜೆಗೆ ಅಂಜಿನಮ್ಮನ ಹತ್ತಿರ ಹೂ ತೆಗೆದುಕೊಂಡರು. ಸಜ್ಜದ ಕೆಳಗೆ ಕಾಲಿಡದೆ, ದೂರ ನಿಂತು, ಕೈ ಮಾತ್ರ ಚಾಚಿ. ಅವಳು ಅವರು ಕೊಟ್ಟ ದುಡ್ಡನ್ನು ಕಣ್ಣಿಗೊತ್ತಿಕೊಂಡಳು. ಅವಳ ಬೋಣಿ ಆಯಿತು. ಅವರೂ ಅವಳಿಗೆ ಏನೂ ಹೇಳಲಿಲ್ಲ.

ನಾನು ಗಿರಾಕಿಗೆ ಕಾದು ಕೂತೆ. ಹಿಂದಿನ ಹಾಗಿದ್ದರೆ ಒಂಬತ್ತು ಗಂಟೆಗೆ ಅಂಜಿನಮ್ಮ ಬಂದು, "ಏನ್ ಮೂರ್ತಣ್ಣ, ಇನ್ನೂ ಬೋಣಿ ಇಲ್ವಾ?" ಅಂತ ಒಂದು ಲಕ್ಷ್ಮಿ ಸ್ಟಿಕರ್ ತೆಗೆದುಕೊಂಡು ಹೋಗಿರುತ್ತಿದ್ದಳು, ಒಂಬತ್ತೂ ಐದಕ್ಕೆ ಬೋರ್ಡು ಗೋಡೆಯ ಮೇಲಿರುತ್ತಿತ್ತು. ಒಂಬತ್ತೂ ಕಾಲಿಗೆ ತೇಜಶ್ರೀ ಅನ್ನುವ ಹುಡುಗಿ ಬಂದಳು. ಮನೆಪಾಠ ಶುರು ಮಾಡುತ್ತಾಳಂತೆ, ಗೇಟಿಗೆ ಒಂದು ಬೋರ್ಡು ಬೇಕಂತೆ. ಒಳ್ಳೆಯ ಬೋಣಿ, ವಿದ್ಯೆಯ ಬೋಣಿ ಅಂತ ಖುಷಿಯಾಯಿತು. ಅವಳು ನೀಲಿ ನೋಡಿದಳು, ಹಸಿರು ನೋಡಿದಳು, ಅಮ್ಮನಿಗೆ ಫೋಟೋ ಕಳಿಸಿ ಕೇಳಿದಳು. ಅಮ್ಮ ಪೂಜೆಯಲ್ಲಿದ್ದರು, ಉತ್ತರ ಬರಲಿಲ್ಲ. ನಾನು ಅವಸರ ಮಾಡಲಿಲ್ಲ. ಬೋಣಿಯ ಗಿರಾಕಿಗೆ ಅವಸರ ಮಾಡಬಾರದು. ಕೊನೆಗೆ ಹಸಿರು ಅಂತಾಗಿ, ಅವಳು ಫೋನಿನಿಂದ ಮುಂಗಡ ಕಳಿಸಿ, ಹಣ ಬಂದರೆ ಸಾರುವ ಕೌಂಟರಿನ ಮೇಲಿನ ಡಬ್ಬಿ ಅದನ್ನು ಕೂಗಿ ಹೇಳಿದಾಗ ಒಂಬತ್ತೂ ನಲವತ್ತು. ನಾನು ಆ ಡಬ್ಬಿಗೆ ಕೈ ಮುಗಿದೆ.

ಹುಡುಗಿ ಹೋದ ಕೂಡಲೇ ಬೋರ್ಡು ಎತ್ತಿಕೊಂಡೆ. ಯಜಮಾನರು ಬರುವವರೆಗೆ ಕಾಯುವುದು ಬೇಡ, ಗೋಡೆಗಾದರೂ ಒರಗಿಸಿ ಬರೋಣ ಅಂತ ಹೊರಗೆ ಬಂದೆ. ಅಂಜಿನಮ್ಮ ಕೂತ ಜಾಗಕ್ಕೆ ಹೆಚ್ಚೆಂದರೆ ಇಪ್ಪತ್ತು ಹೆಜ್ಜೆ. ಐದಾರು ಹೆಜ್ಜೆ ಇಟ್ಟಿದ್ದೆ, ಸಜ್ಜದ ಅಂಚಿನಿಂದ ಸಣ್ಣಗೆ ಮರಳು ಉದುರುವುದು ಕಾಣಿಸಿತು. ಅವಳ ಸೆರಗಿನ ಮೇಲೆ ಉದುರುತ್ತಿತ್ತು. ಅವಳು ತಲೆ ತಗ್ಗಿಸಿ ಹೂ ಕಟ್ಟುತ್ತಿದ್ದಳು.

ಆಗಲಾದರೂ ನಾನು ಕೂಗಬೇಕಿತ್ತು. ನನ್ನ ಬಾಯಿ ತೆರೆದಿತ್ತು, ಹೆಸರು ಗಂಟಲಿಗೆ ಬಂದಿತ್ತು. ಎರಡು ವರ್ಷ ಕರೆಯದ ಹೆಸರು ಅಲ್ಲೇ ನಿಂತಿತು. ನಾನು ಏನು ಮಾಡಿದೆ ಗೊತ್ತೇ? ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಕಡೆ ಹಿಡಿದೆ.

ಅವಳು ತಲೆ ಎತ್ತಿದಳು. ಬೋರ್ಡು ನೋಡಿದಳು, ನನ್ನ ಮುಖ ನೋಡಿದಳು. ಅವಳ ಮುಖ ಗಂಟಿಕ್ಕಿತು. ಆ ಕಡೆ ತಿರುಗಿ, ಬಗ್ಗಿ, ದೂರದ ಬುಟ್ಟಿಯನ್ನು ಎಳೆದುಕೊಳ್ಳಲು ಎಡಗೈ ಚಾಚಿದಳು. ಸಜ್ಜ ಬಿತ್ತು.

ಬಗ್ಗಿದ್ದರಿಂದ ತಲೆ ಉಳಿಯಿತು. ಹಿಂದೆ ಊರಿಕೊಂಡಿದ್ದ ಬಲಗೈ ಸಜ್ಜದ ತುಂಡಿನಡಿಯಲ್ಲಿತ್ತು. ನಾನೂ ಎದುರುಗಡೆಯ ಬೇಕರಿಯವರೂ ಸೇರಿ ಎತ್ತಿದೆವು. ಸೇವಂತಿಗೆಯೆಲ್ಲ ಗಾರೆಯ ಪುಡಿಯಲ್ಲಿ ಬೆಳ್ಳಗಾಗಿತ್ತು. ಅವಳನ್ನು ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಅವಳು ಅಳಲಿಲ್ಲ, "ಹಬ್ಬದ ಹೂವು, ಹಬ್ಬದ ಹೂವು" ಅಂತ ಮಾತ್ರ ಅನ್ನುತ್ತಿದ್ದಳು. ಡಾಕ್ಟರು ಎರಡು ಬೆರಳು ತೆಗೆದರು. ಮಿಕ್ಕ ಮೂರು ಉಳಿದವು, ಆದರೆ ಮಡಿಸಲು ಬರುವುದು ಅನುಮಾನ ಅಂದರು.

ಸಂಜೆ ಕಟ್ಟಡದ ಹತ್ತಿರ ಬಂದರೆ, ಬಿದ್ದ ರಾಶಿಯ ಸುತ್ತ ಯಜಮಾನರು ಹಗ್ಗ ಕಟ್ಟಿಸಿದ್ದರು. ಹಗ್ಗಕ್ಕೆ ನನ್ನ ಬೋರ್ಡು ತೂಗುಹಾಕಿತ್ತು. ಜನ ನಿಂತು ಅದರ ಫೋಟೋ ತೆಗೆದುಕೊಳ್ಳುತ್ತಿದ್ದರು. ಯಜಮಾನರು ನನ್ನನ್ನು ಕಂಡು ಟವಲಿನಿಂದ ಬಾಯಿ ಮುಚ್ಚಿಕೊಂಡರು. ನಾನು ಷಟರ್ ಇಳಿಸಿ ಮನೆಗೆ ಹೋದೆ.

ನಾಲ್ಕು ದಿನ ಅಂಗಡಿ ತೆಗೆಯಲಿಲ್ಲ. ನನ್ನ ಹೆಂಡತಿ ಯಶೋಧರಾ ಏನಾಯಿತು ಅಂತ ಕೇಳಿ ಕೇಳಿ, ಕೊನೆಗೆ ಎಲ್ಲ ಹೇಳಿಸಿದಳು. ಕೇಳಿ ಬೈಯಲಿಲ್ಲ. ಫ್ಲಾಸ್ಕಿಗೆ ಕಾಫಿ ತುಂಬಿ, "ಏಳ್ರಿ, ಇದನ್ನೆಲ್ಲ ನಂಗಲ್ಲ, ಅವಳಿಗೆ ಹೇಳ್ಬೇಕು," ಅಂದಳು.

ವಾರ್ಡಿನ ಕೊನೆಯ ಮಂಚದಲ್ಲಿ ಅಂಜಿನಮ್ಮ ದಿಂಬಿಗೆ ಒರಗಿ ಕೂತಿದ್ದಳು. ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ. ಅದಕ್ಕೂ ಅವಳಲ್ಲಿ ತ್ರಾಣ ಇರಲಿಲ್ಲ ಅನ್ನಿಸುತ್ತದೆ. ನಾನು ಸ್ಟೂಲಿನ ಮೇಲೆ ಕೂತು, ನೆಲ ನೋಡುತ್ತ, ಸೋಮವಾರ ಗಾರೆ ಬಿದ್ದಲ್ಲಿಂದ ಶುರುಮಾಡಿ ಎಲ್ಲ ಹೇಳಿದೆ. ಡೇಂಜರ್ ವಾರ್ನಿಂಗ್ ಆದದ್ದು, ವಾರ್ನಿಂಗ್ ಕಾಷನ್ ಆದದ್ದು, ಕಾಷನ್ ನೋಟಿಸ್ ಆದದ್ದು, ಮತ್ತೆ ಡೇಂಜರ್ ಆದದ್ದು. ಕೊನೆಗೆ ಬೋಣಿಯ ವಿಷಯಕ್ಕೆ ಬಂದೆ.

"ಎಂಟ್ ಮುಕ್ಕಾಲಿಗೇ ಕೊಡ್ಬೋದಿತ್ತು ಅಂಜಿನಮ್ಮ. ಬೋಣಿ ಆಗ್ಲಿ ಅಂತ ಇಟ್ಕೊಂಡು ಕೂತೆ."

"ಬೋಣಿಗೆ ಅಂಥ ಬೋರ್ಡ್ ಯಾರ್ ಕೊಡ್ತಾರೆ? ಹಬ್ಬದ ದಿನ? ನಾನಾಗಿದ್ರೂ ಕೊಡ್ತಿರ್ಲಿಲ್ಲ," ಅಂದಳು.

ನಾನು ತಲೆ ಎತ್ತಿದೆ. ನಾಲ್ಕು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಯಿತೇನೋ ಅನ್ನಿಸಿತು.

"ನೀನು ಅದನ್ನ ಎತ್ತಿ ನನ್ ಕಡೆ ಹಿಡಿದ್ಯಲ್ಲ," ಅವಳು ಮುಂದುವರಿಸಿದಳು, "ನಾನೇನ್ ಅನ್ಕೊಂಡೆ ಗೊತ್ತಾ? ಮತ್ತೆ ಹಂಗಿಸೋಕೆ ಬಂದ ಅನ್ಕೊಂಡೆ. ಹಬ್ಬದ ದಿನಾನೂ ಬಿಡಲ್ವಲ್ಲ ಇವ್ನು ಅಂತ."

"ಹಂಗಿಸೋಕಲ್ಲ ಅಂಜಿನಮ್ಮ."

"ಈಗ ಗೊತ್ತಾಯ್ತು. ಅದ್ರಲ್ಲಿ ಏನ್ ಬರ್ದಿದ್ದೆ?"

"ಡೇಂಜರ್ ಅಂತ..."

"ಇಂಗ್ಲಿಷ್ ಬಿಡು. ನಂಗೆ ಅರ್ಥ ಆಗೋ ಹಾಗೆ ಹೇಳು."

"ಅಪಾಯ. ಇಲ್ಲಿ ಕೂರ್ಬೇಡ, ಮೇಲಿಂದ ಬೀಳುತ್ತೆ. ಅಂತ."

"ಅಷ್ಟೇನಾ?"

"ಅಷ್ಟೇ."

ಅವಳು ಬ್ಯಾಂಡೇಜಿನ ಕೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಕೋಪವಿರಲಿಲ್ಲ ಅವಳ ದನಿಯಲ್ಲಿ, ಬರೀ ಸುಸ್ತು.

"ಇಷ್ಟ್ ಹೇಳೋಕೆ ಹದಿನೆಂಟ್ ದಿನಾನಾ ಮೂರ್ತಣ್ಣ? ನಾನು ಹೆಬ್ಬೆಟ್ಟೇ, ಒಪ್ಕೊಂಡೆ. ಕಿವುಡಿ ಅಲ್ವಲ್ಲ."

ಯಶೋಧರಾ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಲೋಟವನ್ನು ಅವಳ ಎಡಗೈಗೆ ಕೊಟ್ಟಳು. "ಬಿಸಿ ಇದೆ, ಹುಷಾರು," ಅಂದಳು. ಅಂಜಿನಮ್ಮ ಊದಿಕೊಂಡು ಕುಡಿದಳು.